ಅರ್ಧಕ್ಕಿಳಿದ ನೀರು

ಚೌಡಸಾಗರದ ಸುತ್ತ ಇರುವ ಐದು ಊರುಗಳು ಯಾವ ವಿಷಯಕ್ಕಾದರೂ ಒಂದಾದದ್ದನ್ನು ಹಿರಿಯರು ಯಾರೂ ಕಂಡಿರಲಿಲ್ಲ. ಈ ದಡದಲ್ಲಿ ನಿಂತರೆ ಆ ದಡ ಕಾಣದಷ್ಟು ದೊಡ್ಡ ಸಿಹಿನೀರಿನ ಕೆರೆ ಅದು. ಐದೂ ಊರು ಅದರ ನೀರನ್ನೇ ಕುಡಿಯುತ್ತಿದ್ದವು, ಐದೂ ಊರು ಚರಂಡಿಯನ್ನು ಅದಕ್ಕೇ ಬಿಡುತ್ತಿದ್ದವು. ಕೆರೆ ಹಸಿರುಗಟ್ಟಿ ನಾತ ಹೊಡೆದಾಗ ಪ್ರತಿ ಊರೂ ಉಳಿದ ನಾಲ್ಕರ ಕಡೆ ಬೆರಳು ತೋರಿಸಿ ಮೂಗು ಮುಚ್ಚಿಕೊಳ್ಳುತ್ತಿತ್ತು.

ಯಾರ ಹೊಲಸು ಎಷ್ಟು ಎಂದು ಕೆರೆಯೇ ಬಾಯಿಬಿಟ್ಟು ಹೇಳುವಂತಿದ್ದರೆ? ಈ ಪ್ರಶ್ನೆಯಿಂದಲೇ ಚಾಡಿ ಯಂತ್ರ ಹುಟ್ಟಿತು. ಸರ್ಕಾರಿ ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು, ಜನ ಇಟ್ಟ ಹೆಸರು ಮಾತ್ರ ಇದು. ಪ್ರತಿ ಊರಿನ ದೊಡ್ಡ ಚರಂಡಿಯ ಬಾಯಿಗೆ ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿದರು. ಅದರಿಂದ ಗುರುತುಕಣಗಳು ಸದಾ ಉದುರುತ್ತಿರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಕವಚ, ಒಳಗೆ ಊರಿಗೊಂದರಂತೆ ಬೇರೆ ಬೇರೆ ಬರಹವಿರುವ ಜೀವದೆಳೆಯ, ಅಂದರೆ ಡಿಎನ್‌ಎಯ, ತುಂಡು. ಕುಡಿದರೂ ಏನಾಗದು, ಕರಗದು, ಕೊಳಚೆ ಎಲ್ಲಿಗೆ ಹೋದರೂ ಅದರ ಬೆನ್ನು ಬಿಡದು. ಕೆರೆಯ ತುಂಬ ತೇಲುವ ಓದುಗುಂಡುಗಳು ಆ ಕಣಗಳನ್ನು ಓದಿ ತೂಬಿನಕೇರಿಯ ನಿಯಂತ್ರಣ ಕೊಠಡಿಯ ಗೋಡೆಗೆ ಸುದ್ದಿ ಮುಟ್ಟಿಸುತ್ತವೆ. ಹೊನ್ನಂಬಿ ಪುರಸಭೆಗೆ ಕೆಂಪು, ಕೊಳಲವಾಡ ಪಟ್ಟಣ ಪಂಚಾಯತಿಗೆ ಹಳದಿ, ಸಂಗಟಿಹಾಳಕ್ಕೆ ನೇರಳೆ, ಎಮ್ಮೆತಟ್ಟಿಗೆ ಕಿತ್ತಳೆ, ತೂಬಿನಕೇರಿಗೆ ಹಸಿರು. ಯಾರ ಬಣ್ಣ ಮಿತಿ ಮೀರುತ್ತದೋ ಆ ಊರಿನ ಕುಡಿಯುವ ನೀರಿನ ಕವಾಟ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಮಂತ್ರಿಗೆ ಫೋನ್ ಮಾಡಿದರೂ ತೆರೆಯದು.

ಇಷ್ಟಕ್ಕೆಲ್ಲ ಐದೂ ಊರು ಸೇರಿ 'ಚೌಡಸಾಗರ ಕೂಟ' ಕಟ್ಟಿಕೊಂಡವು. ಹಳೆಯ ತೂಬಿನ ಆಣೆಯನ್ನೂ ಕೂಟದ ನಿಯಮದೊಳಗೆ ಸೇರಿಸಿದರು. ವರ್ಷಕ್ಕೊಮ್ಮೆ ಅಂಬಿಗೇರ ಮನೆತನದ ಹಿರಿಯರು ಕೆರೆಯ ನಡುವೊರತೆಯಿಂದ ಕೊಡ ತುಂಬಿ ತಂದು, ತೂಬಿನ ಕಲ್ಲಿನ ಮೇಲೆ ನಿಂತು ಮೊದಲ ಗುಟುಕು ತಾವು ಕುಡಿಯಬೇಕು. ಆಮೇಲೆ ಐದೂ ಊರಿನ ಮುಖ್ಯಸ್ಥರು ಅದೇ ಕೊಡದ ನೀರನ್ನು ಬೊಗಸೆಯಲ್ಲಿ ಕುಡಿಯಬೇಕು. ಯಾರೊಬ್ಬರು ಕುಡಿಯದಿದ್ದರೂ ಕೂಟ ಅಲ್ಲಿಗೇ ಮುರಿಯಿತು. ಫೋಟೋಕ್ಕೆ ಚೆನ್ನಾಗಿರುತ್ತದೆಂದು ಸೇರಿಸಿದ ಕಲಮು ಅದು. ನೀರು ಕುಡಿಯಲು ಯಾರಾದರೂ ಹಿಂಜರಿಯುವ ದಿನ ಬಂದೀತೆಂದು ಬರೆದವರು ಯಾರೂ ಎಣಿಸಿರಲಿಲ್ಲ.

ಅಂಬಿಗೇರ ಮನೆಯ ಸೊಸೆ ಇಂದುಮತಿ ಅದೇ ನಿಯಂತ್ರಣ ಕೊಠಡಿಯಲ್ಲಿ ತಂತ್ರಜ್ಞೆ. ಗಂಡ ಫಕ್ಕೀರೇಶ ಕೆರೆಯಲ್ಲಿ ಬಲೆ ಬೀಸುವವನು. ಅವನು ನೀರಿನ ಮೇಲೆ, ಇವಳು ನೀರಿನ ಲೆಕ್ಕದ ಮೇಲೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಹರಕೆ ಹೊತ್ತು, ಆಸ್ಪತ್ರೆಗಳಿಗೆ ಅಲೆದು, ಕೊನೆಗೆ ಹುಟ್ಟಿದ ಕೂಸು ಶಾಂಭವಿ. ಮನೆಯಲ್ಲಿ ಎಲ್ಲರ ಬಾಯಲ್ಲಿ ಶಂಬಿ. ಹೆರಿಗೆ ರಜೆ ಮುಗಿಸಿ ಇಂದುಮತಿ ಕೆಲಸಕ್ಕೆ ಮರಳಿದಾಗ ಗೋಡೆಯ ಮೇಲಿನ ಬಣ್ಣಗಳೆಲ್ಲ ತೆಳುವಾಗಿದ್ದವು.

ಅದೊಂದು ಪವಾಡದ ಹಾಗಿತ್ತು. ಹಿಂದಿನ ವರ್ಷ ಹೊನ್ನಂಬಿಯ ಕೆಂಪು ಪದೇ ಪದೇ ಮಿತಿ ಮೀರಿ, ಅಲ್ಲಿನ ನಲ್ಲಿಗಳು ಒಣಗಿ, ಜನ ಪುರಸಭೆಗೆ ಕಲ್ಲು ತೂರಿದ್ದರು. ಊರು ಬೆಳೆದಿತ್ತು, ಕೊಳಚೆ ಶುದ್ಧೀಕರಣದ ಘಟಕ ಮಾತ್ರ ಹಳೆಯ ಊರಿಗೆ ಕಟ್ಟಿದ್ದೇ ಇತ್ತು. ಈಗ ಅದೇ ಕೆಂಪು ಗೋಡೆಯ ಮೇಲೆ ಹುಡುಕಬೇಕು. ಹಳದಿಯೂ ಅಷ್ಟೇ, ನೇರಳೆಯೂ ಅಷ್ಟೇ. ದೋಣಿಯಿಂದ ಬಗ್ಗಿ ನೋಡಿದರೆ ತಳದ ಕಲ್ಲು ಕಾಣುವಷ್ಟು ಕೆರೆ ತಿಳಿಯಾಗಿತ್ತು. ಹೊರದೇಶದವರು ಬಂದು ನೋಡಿ, ಸ್ಥಳೀಯ ಸಂಸ್ಥೆಗಳು ಹೀಗೆ ಒಂದಾಗಿ ಕೆರೆ ಉಳಿಸಿದ್ದನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಹೊಗಳಿ ಹೋದರು. ಅವರಿಗೆ ಗೋಡೆ ತೋರಿಸಿ ವಿವರಿಸಿದವಳು ಇಂದುಮತಿಯೇ. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಗೋಡೆಯ ಆ ನಕ್ಷೆಯಲ್ಲಿ ಕೆರೆಯಷ್ಟೇ ಇತ್ತು. ದಡದ ಆಚೆಗೆ ಕಪ್ಪು. ಊರು, ಹೊಲ, ಬಾವಿ ಯಾವುದೂ ಇಲ್ಲ. ಕೆರೆಯ ಕೂಟಕ್ಕೆ ಕೆರೆಯ ನಕ್ಷೆ ಸಾಕಲ್ಲ ಎಂದು ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ, ಇಂದುಮತಿಯೂ ಯೋಚಿಸಿರಲಿಲ್ಲ.

ಅತಿಥಿಗಳು ಹೋದ ವಾರವೇ ಅವಳ ಕಣ್ಣಿಗೆ ಅದು ಬಿತ್ತು. ನಡುವೊರತೆಯ ಹತ್ತಿರದ ಓದುಗುಂಡು ಐದೂ ಬಣ್ಣಗಳನ್ನು ಒಟ್ಟಿಗೆ ತೋರಿಸುತ್ತಿತ್ತು. ಸುತ್ತಲಿನ ಗುಂಡುಗಳೆಲ್ಲ ತಿಳಿ. ದಡದಿಂದ ಬಂದ ಹೊಲಸಾದರೆ ದಡದ ಕಡೆ ದಟ್ಟವಾಗಿ ನಡುವಿನಲ್ಲಿ ತೆಳುವಾಗಬೇಕು. ಇದು ನಡುವಿನಲ್ಲಿ ಹುಟ್ಟಿ ದಡದ ಕಡೆ ತೆಳುವಾಗುತ್ತಿತ್ತು. ಗುಂಡು ಕೆಟ್ಟಿದೆ ಎಂದುಕೊಂಡಳು. ಬೇರೆ ಏನು ಅಂದುಕೊಳ್ಳಲು ಸಾಧ್ಯ?

ಮನೆಯಲ್ಲಿ ಅತ್ತೆ ದುರಗವ್ವ ಒಲೆಯ ಮುಂದೆ ಕೂತು ಹಿತ್ತಾಳೆ ಚರಿಗೆಯಲ್ಲಿ ನೀರು ಕುದಿಸುತ್ತಿದ್ದಳು. ಅಂಬಿಗೇರ ಹಿತ್ತಲಿನ ಬಾವಿ ಆ ಕೇರಿಗೆಲ್ಲ ಹೆಸರಾದದ್ದು. ನಡುವೊರತೆ ಅಕ್ಕ, ಈ ಬಾವಿ ತಂಗಿ, ಎರಡಕ್ಕೂ ನೆಲದೊಳಗೆ ಒಂದೇ ಸೆಲೆ ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದರು. ಕೇರಿಯಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಅದರ ಬಾಯಿಗೆ ಬೀಳುವ ಮೊದಲ ನೀರು ಈ ಬಾವಿಯದು. ಅದನ್ನು ಕುದಿಸಿ ಕೊಡುವ ಕೈ ದುರಗವ್ವನದು. ಸುಮ್ಮನೆ ಕುದಿಸಿದರೆ ಸಾಲದು. ಚರಿಗೆಯ ನೀರು ಅರ್ಧಕ್ಕಿಳಿಯಬೇಕು, ಆಗಲೇ ನೀರಿನ ಕಸುವು ಕೂಸಿಗೆ ಹತ್ತುತ್ತದೆ ಎಂಬುದು ದುರಗವ್ವನಿಗೆ ಅವಳ ಅತ್ತೆ ಕಲಿಸಿದ್ದು.

"ನಲ್ಲಿ ನೀರು ಐತಲ್ಲ ಅತ್ತಿ. ಈಗ ಕೆರಿ ನೀರು ಚೊಲೋ ಆಗೈತಿ, ನಾನ ನೋಡೇನಿ," ಎಂದಳು ಇಂದುಮತಿ.

"ಕವಾಟಿನ್ಯಾಗ ಸಿಕ್ಕು, ಕೊಳವಿನ್ಯಾಗ ಉಳ್ಳಾಡಿ ಬಂದ ನೀರು ಕೂಸಿಗ್ಯಾಕವಾ? ನಿನ್ನ ಗಂಡ ಈ ನೀರು ಕುಡುದ ಎಮ್ಮಿಕರ ಆಗ್ಯಾನ," ಎಂದು ದುರಗವ್ವ ಇಳಿದ ನೀರನ್ನು ಆರಿಸಿ, ಪುಡಿ ಹಾಲು ಕಲಸಿ ಬಾಟಲಿ ತುಂಬಿದಳು. ಇಂದುಮತಿಗೆ ಎದೆಹಾಲು ಸಾಲುತ್ತಿರಲಿಲ್ಲ. ಅತ್ತೆ ಇರುವುದರಿಂದ ತಾನು ಕೆಲಸಕ್ಕೆ ಹೋಗುತ್ತಿದ್ದೇನೆ ಎಂಬ ಋಣವೂ ಇತ್ತು.

ಶಂಬಿ ಬಾಟಲಿ ಹೀರುತ್ತ ಅಜ್ಜಿಯ ಬೆರಳು ಹಿಡಿದಿತ್ತು. ಅದರ ತುಟಿಯ ಅಂಚು ಸ್ವಲ್ಪ ಕಪ್ಪಿಟ್ಟಂತೆ ಇಂದುಮತಿಗೆ ಕಂಡಿತು.

"ತುಟಿ ಯಾಕ ಹಿಂಗ ಆಗ್ಯಾವ?"

"ಥಂಡಿಗಾಳಿ ಬಿಟ್ಟೈತಲ್ಲ. ನಾಳಿಂದ ತಲಿಗೆ ಕುಂಚಗಿ ಹಾಕ್ತೀನಿ ಬಿಡು."

ಮರುದಿನ ಗಂಡನ ದೋಣಿಯಲ್ಲಿ ಹೊಸ ಓದುಗುಂಡು ಇಟ್ಟುಕೊಂಡು ಇಂದುಮತಿ ನಡುವೊರತೆಗೆ ಹೋದಳು. ನೀರು ಅಷ್ಟು ತಿಳಿಯಾಗಿತ್ತು, ದೋಣಿಯ ನೆರಳು ತಳದ ಮರಳಿನ ಮೇಲೆ ಹರಿದಾಡುತ್ತಿತ್ತು. ಒರತೆಯ ಬಾಯಲ್ಲಿ ಮರಳು ಕುದಿಯುವಂತೆ ಏಳುತ್ತ ಇಳಿಯುತ್ತ ಇತ್ತು. ಫಕ್ಕೀರೇಶ ಹುಟ್ಟು ಒಳಗೆ ಎಳೆದುಕೊಂಡ.

"ಮೊದಲ ಇಲ್ಲಿ ಬಾಳೆಮೀನು ಗುಂಪುಗಟ್ಟತಿದ್ವು. ಈ ಸಲ ಒಂದೂ ನಿಲ್ಲವಲ್ಲವು. ಬಂದು, ಮೂಸಿ, ತಿರುಗಿ ಹೋಗ್ತಾವ," ಎಂದ.

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಿನ್ನ ಗ್ವಾಡಿ ಎಲ್ಲಾ ಚೊಲೋ ಅಂತ ಹೇಳಾಕತ್ತಿತ್ತು. ನಾ ಏನ್ ಹೇಳಲಿ ಇಂದು?"

ಹೊಸ ಗುಂಡಿಗೆ ಕಲ್ಲು ಕಟ್ಟಿ ಒರತೆಯ ಬಾಯಿಗೇ ಇಳಿಸಿದರು. ಕೈಯಲ್ಲಿದ್ದ ಪರದೆಯ ಮೇಲೆ ಐದೂ ಬಣ್ಣ ಎದ್ದವು, ಹಳೆಯ ಗುಂಡು ತೋರಿಸಿದ್ದಕ್ಕಿಂತ ದಟ್ಟವಾಗಿ. ಯಂತ್ರ ಕೆಟ್ಟಿರಲಿಲ್ಲ. ಐದೂ ಊರಿನ ಹೊಲಸು ನೆಲದ ಕೆಳಗಿನಿಂದ ಕೆರೆಗೆ ಬರುತ್ತಿತ್ತು. ಒಂದು ಬಾಟಲಿಯಲ್ಲಿ ಆ ನೀರು ತುಂಬಿಕೊಂಡು ಅವಳು ದಡಕ್ಕೆ ಬಂದಳು. ತಲೆಯ ತುಂಬ ಕೆರೆಯೇ ಇತ್ತು. ಅಕ್ಕನ ನೀರು ಕೈಯಲ್ಲಿ ಹಿಡಿದು ತಂಗಿಯ ಪಕ್ಕದಲ್ಲೇ ಹಾದು ಮನೆಗೆ ಹೋದವಳಿಗೆ ಬಾವಿ ನೆನಪಾಗಲಿಲ್ಲ. ನಕ್ಷೆಯಲ್ಲಿ ಬಾವಿ ಇರಲಿಲ್ಲ. ಓದಿದವರ ಕುರುಡು ಎಂಥದು ನೋಡಿ, ಗೋಡೆಯ ಮೇಲೆ ಇಲ್ಲದ್ದು ಹಿತ್ತಲಲ್ಲಿದ್ದರೂ ಕಾಣುವುದಿಲ್ಲ.

ಬೆಳಗ್ಗೆ ಅವಳು ಕೂಟದ ಮುಖ್ಯ ಎಂಜಿನಿಯರ್ ಪ್ರಹ್ಲಾದ ದೇಸಾಯರ ಎದುರು ಬಾಟಲಿ ಇಟ್ಟಳು. ದೇಸಾಯರು ಕೆಟ್ಟ ಮನುಷ್ಯರಲ್ಲ. ಚಾಡಿ ಯಂತ್ರವನ್ನು ಚೌಡಸಾಗರಕ್ಕೆ ತರಲು ಚಪ್ಪಲಿ ಸವೆಸಿದವರು. ಅವರು ಬಾಟಲಿ ಮುಟ್ಟಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು.

"ನಿನಗ ಗೊತ್ತಾಗತದ ಅಂತ ನನಗ ಗೊತ್ತಿತ್ತು," ಎಂದರು.

"ಏನು ಗೊತ್ತಾಗೂದು ಸರ್?"

"ಹ್ವಾದ ವರ್ಷ ಹೊನ್ನಂಬಿಗೆ ನೀರು ನಿಂತಾಗ ಐದೂ ಊರಿನವರು ಒಂದ ಕೋಣ್ಯಾಗ ಕೂತ್ರು. ನಾನೂ ಇದ್ದೆ. ಹೊಸ ಘಟಕ ಕಟ್ಟಲಿಕ್ಕೆ ವರ್ಷಗಟ್ಟಲೆ ಬೇಕು. ಅಲ್ಲೀತನಕ ಜನಾ ನೀರಿಲ್ಲದ ಇರತಾರೇನು? ಆಗ ಯಾರೋ ಅಂದ್ರು, ನಮ್ಮ ಸೀಮ್ಯಾಗ ಸತ್ತ ಬೋರ್‌ವೆಲ್ಲಿಗೆ ಬರಗಾಲ ಅದ ಏನು ಅಂತ."

ಇಂದುಮತಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ಸೀಮೆಯಲ್ಲಿ ನೀರಿಗಾಗಿ ತೋಡಿ, ಬತ್ತಿ, ಬಾಯಿಗೆ ಕಲ್ಲು ಮುಚ್ಚಿ ಬಿಟ್ಟ ಕೊಳವೆಬಾವಿಗಳು ಎಲ್ಲೆಲ್ಲೂ ಇದ್ದವು. ಬಂಡೆಯ ಬಿರುಕುಗಳವರೆಗೆ ಇಳಿದ ತೂತುಗಳು.

"ಅದರಾಗ ಕೊಳಚಿ ಬಿಟ್ರಿ?"

"ಪೆಟ್ಟಿಗಿ ದಾಟಿದ ಮ್ಯಾಲೆ ಕೊಳವಿ ತಿರುವಿ ಐದೂ ಊರು ಬಿಟ್ವು. ಒಬ್ಬರೂ ಬ್ಯಾಡ ಅನ್ನಲಿಲ್ಲ. ಇಂದುಮತಿ, ಈ ಕೂಟ ಹುಟ್ಟಿದಾಗಿಂದ ಜಗಳಿಲ್ಲದ ಆದ ತೀರ್ಮಾನ ಅದೊಂದ."

"ಸರ್, ಅದು ನೆಲದಾಗಿನ ನೀರು."

"ನೆಲದಾಗಿನ ನೀರು ಕೂಟದ ವ್ಯಾಪ್ತಿಯೊಳಗ ಬರಂಗಿಲ್ಲ. ಕೆರೀ ಉಳಸ್ರಿ ಅಂತ ನಮಗ ಹೇಳ್ಯಾರ. ಕೆರೀ ಉಳಿಸೇವಿ," ಎಂದು ದೇಸಾಯರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಬಂಡೆಯೊಳಗ ಇಳಿದದ್ದು ಇಷ್ಟು ಲಗೂನ ಒರತೀಗೆ ಬರತದ ಅಂತ ನಾ ಅಂದುಕೊಂಡಿರಲಿಲ್ಲ. ಬರೂದ ಇಲ್ಲ ಅಂತ ಅಂದುಕೊಂಡಿದ್ದೆ."

ಒರತೆಗೆ ಬಂದರೆ ಇನ್ನೆಲ್ಲಿಗೆ ಬರುತ್ತದೆ? ಆಗ ಅವಳಿಗೆ ಹಿತ್ತಲಿನ ಬಾವಿ ನೆನಪಾಯಿತು. ಅಕ್ಕ, ತಂಗಿ, ಒಂದೇ ಸೆಲೆ. ಕುರ್ಚಿಯಿಂದ ಏಳುವಷ್ಟರಲ್ಲಿ ಫೋನ್ ಬಂತು. ಫಕ್ಕೀರೇಶನ ಧ್ವನಿ ಗುರುತು ಸಿಗದಷ್ಟು ಬದಲಾಗಿತ್ತು.

"ಇಂದು, ಹೊನ್ನಂಬಿ ದವಾಖಾನಿಗೆ ಬಾ. ಕೂಸು ನೀಲಿಗಟ್ಟೇತಿ."

ದವಾಖಾನೆಯ ಹಾಸಿಗೆಯ ಮೇಲೆ ಶಂಬಿ ಮಲಗಿತ್ತು. ತುಟಿ, ಉಗುರು, ಕಿವಿಯ ತುದಿ ಎಲ್ಲ ನೇರಳೆಹಣ್ಣು ತಿಂದವರ ನಾಲಿಗೆಯ ಬಣ್ಣ. ಅಳಲು ಬಾಯಿ ತೆರೆಯುತ್ತಿತ್ತು, ಧ್ವನಿ ಬರುತ್ತಿರಲಿಲ್ಲ. ಎಳೆಯ ವಯಸ್ಸಿನ ಡಾಕ್ಟರಮ್ಮ ರಕ್ತ ತೆಗೆದು ಬೆಳಕಿಗೆ ಹಿಡಿದಳು. ಅದು ಕೆಂಪಾಗಿರಲಿಲ್ಲ. ಕಾಫಿ ಡಿಕಾಕ್ಷನ್ನಿನಂತೆ ಕಂದಾಗಿತ್ತು.

"ಹಾಲು ಯಾವ ನೀರೊಳಗ ಕಲಸ್ತೀರಿ?" ಎಂದು ಡಾಕ್ಟರಮ್ಮ ಇಂದುಮತಿಯನ್ನು ಮಾತ್ರ ಹೊರಗೆ ಕರೆದು ಕೇಳಿದಳು.

"ಬಾವಿ ನೀರು. ಕುದಿಸಿದ್ದು. ಅರ್ಧಕ್ಕಿಳಿಸಿ..." ಹೇಳುತ್ತ ಹೇಳುತ್ತ ಇಂದುಮತಿಗೆ ತನ್ನ ಮಾತೇ ಕೇಳಿಸತೊಡಗಿತು.

ಡಾಕ್ಟರಮ್ಮ ವಿವರಿಸಬೇಕಾಗಿರಲಿಲ್ಲ, ಆದರೂ ವಿವರಿಸಿದಳು. ಕೊಳಚೆಯಲ್ಲಿನ ಸಾರಜನಕ ನೆಲದೊಳಗೆ ನೈಟ್ರೇಟ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ದೊಡ್ಡವರಿಗೆ ಅಷ್ಟಾಗಿ ಏನೂ ಮಾಡದು. ಎಳೆಕೂಸಿನ ರಕ್ತಕ್ಕೆ ಸೇರಿದರೆ ಮಾತ್ರ ರಕ್ತ ಉಸಿರನ್ನು ಹೊರುವುದನ್ನೇ ಮರೆಯುತ್ತದೆ. ಕೂಸು ಉಸಿರಾಡುತ್ತಲೇ ಉಸಿರುಕಟ್ಟುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಸಾಯುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಅದು ಉಳಿಯುತ್ತದೆ. ಅರ್ಧಕ್ಕಿಳಿಸಿದರೆ ದುಪ್ಪಟ್ಟಾಗುತ್ತದೆ.

ಅದಕ್ಕೊಂದು ಚುಚ್ಚುಮದ್ದಿತ್ತು, ಆ ದವಾಖಾನೆಯಲ್ಲಿರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಆಂಬುಲೆನ್ಸ್ ಹೊರಟಿತು. ದಾರಿ ಕೆರೆಯ ಏರಿಯ ಮೇಲೆ ಹಾದುಹೋಗುತ್ತದೆ. ಬಲಗಡೆ ಚೌಡಸಾಗರ ತಿಳಿಯಾಗಿ, ಆಕಾಶವನ್ನು ಮಡಿಲಲ್ಲಿಟ್ಟುಕೊಂಡು ಮಲಗಿತ್ತು. ಏರಿ ಮುಗಿಯುವ ಮೊದಲೇ ಶಂಬಿಯ ಬಾಯಿ ತೆರೆಯುವುದು ನಿಂತಿತು. ಇಂದುಮತಿ ಕೂಸನ್ನು ಎದೆಗವಚಿಕೊಂಡು ಕೂತೇ ಇದ್ದಳು. ಫಕ್ಕೀರೇಶ ಡ್ರೈವರನ ಹೆಗಲ ಮೇಲೆ ಕೈಯಿಟ್ಟು ಗಾಡಿ ತಿರುಗಿಸಲು ಹೇಳಿದ.

ಕೇರಿಯೆಲ್ಲ ಬಂದು ಅತ್ತಿತು. ಹುಟ್ಟಿನಿಂದಲೇ ಎದೆ ಕೆಟ್ಟಿತ್ತೇನೋ ಎಂದರು ಕೆಲವರು, ಕಣ್ಣು ತಾಗಿತು ಎಂದರು ಕೆಲವರು. ದುರಗವ್ವ ಎರಡನ್ನೂ ನಂಬಿದಳು. "ನಾ ಎಷ್ಟು ಜ್ವಾಪಾನ ಮಾಡಿದ್ನೆವಾ, ಒಂದ ಹನಿ ಹಸಿ ನೀರು ಕುಡಿಸಿರಲಿಲ್ಲ," ಎಂದು ಬಂದವರೆದುರೆಲ್ಲ ಹೇಳಿ ಹೇಳಿ ಎದೆ ಬಡಿದುಕೊಂಡಳು. ಪ್ರತಿ ಸಲ ಆ ಮಾತು ಕೇಳಿದಾಗ ಇಂದುಮತಿ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಹಿತ್ತಲಿನಲ್ಲಿ ಬಾವಿ ಇರುತ್ತಿತ್ತು.

ಫಕ್ಕೀರೇಶನಿಗೆ ಅವಳು ಹೇಳಿದ್ದಳು. ಅವನು ಬಲೆಯ ಹರಿದ ಕಣ್ಣನ್ನು ಬೆರಳಲ್ಲಿ ಹಿಗ್ಗಿಸುತ್ತಲೇ ಕೇಳಿ, ಒಂದೇ ಮಾತಾಡಿದ್ದ.

"ನಮ್ಮವ್ವಗ ತಿಳೀಬಾರದು. ತಿಳಿದ್ರ ಆಕಿ ಉಳಿಯಂಗಿಲ್ಲ."

ಇಂದುಮತಿಯ ಬಾಯಿಗೆ ಬೀಗ ಬಿದ್ದದ್ದು ಹೀಗೆ. ದೇಸಾಯರು ಮಾತಾಡಿಸಲು ಬಂದು, ಚಹಾ ಮುಟ್ಟದೆ, ತಲೆ ತಗ್ಗಿಸಿ ಕೂತು ಹೋದರು. ಸುಮ್ಮನಿರು ಎಂದು ಅವರೇನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಬಾವಿಯ ವಿಷಯ ಬಯಲಿಗೆ ತಂದರೆ ಆ ಬಾವಿಯ ನೀರನ್ನು ಕುದಿಸಿ ಕೂಸಿನ ಬಾಯಿಗಿಟ್ಟ ಕೈಯೂ ಬಯಲಿಗೆ ಬರುತ್ತದೆ. ಐದು ಊರಿನ ದೊಡ್ಡವರ ತಪ್ಪಿಗೆ ಒಬ್ಬ ಮುದುಕಿಯ ಪ್ರೀತಿ ಕಾವಲು ನಿಂತಿತ್ತು. ಇಂದುಮತಿ ಕೆಲಸಕ್ಕೆ ಹೋಗತೊಡಗಿದಳು. ಗೋಡೆಯ ಮೇಲೆ ಕೆರೆ ತಿಳಿಯಾಗಿತ್ತು, ನಡುವಿನಲ್ಲಿ ಮಾತ್ರ ಐದು ಬಣ್ಣದ ಕಲೆ. ಆ ಗುಂಡಿನ ಸುದ್ದಿಯನ್ನು ಲೆಕ್ಕದಿಂದ ಬಿಡಲು ಕೂಟದಿಂದ ಆದೇಶ ಬಂತು. ಅವಳೇ ಬಿಟ್ಟಳು. ತನ್ನ ಬೆರಳಿನಿಂದಲೇ ಗುಂಡಿ ಒತ್ತಿದಳು, ಕಲೆ ಗೋಡೆಯಿಂದ ಮಾಯವಾಯಿತು. ಆ ಬೆರಳನ್ನು ಕಚ್ಚಿಕೊಳ್ಳಬೇಕೆನಿಸಿತು.

ಹೀಗೆಯೇ ನಡೆದುಹೋಗುತ್ತಿತ್ತೇನೋ. ಆದರೆ ಹಿಂದಿನ ಓಣಿಯ ಶಿವಲೀಲಾ ಹಡೆದಳು.

ಸಂಜೆ ಕೆಲಸದಿಂದ ಬಂದ ಇಂದುಮತಿಗೆ ಒಲೆ ಉರಿಯುವ ವಾಸನೆ ಬಂತು. ಶಂಬಿ ಹೋದಮೇಲೆ ದುರಗವ್ವ ಆ ಒಲೆಯ ಕಡೆ ಹೋಗಿರಲಿಲ್ಲ. ಈಗ ಹಿತ್ತಾಳೆ ಚರಿಗೆ ಬೆಳಗಿ, ಬೂದಿ ಹಚ್ಚಿ ಒಲೆಯ ಮೇಲೇರಿಸಿದ್ದಳು. ನೀರು ಸಣ್ಣಗೆ ಸದ್ದು ಮಾಡುತ್ತ ಕುದಿಯುತ್ತಿತ್ತು.

"ಶಿವಲೀಲಾಗ ಹಾಲು ಬಿದ್ದಿಲ್ಲಂತ. ಆ ಕೂಸಿಗರೆ ಒಯ್ದು ಕೊಡ್ತೀನವಾ. ನಮ್ಮದಂತೂ ಹೋತು, ಕೇರಿ ಕೂಸಿಗೆ ಬಾವಿ ನೀರು ತಪ್ಪಸಬಾರದು," ಎಂದು ದುರಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇಂದುಮತಿ ಬಗ್ಗಿ ಚರಿಗೆಯನ್ನು ಒಲೆಯ ಮೇಲಿಂದ ಇಳಿಸಿದಳು. ಕೈ ಸುಟ್ಟಿತು. ಹಾಗೇ ಹಿತ್ತಲಿಗೆ ಒಯ್ದು ಚೆಲ್ಲಿದಳು.

"ಯಾಕ? ಏನಾತು?"

"ಕೂಡ್ರಿ ಅತ್ತಿ."

ಹೇಳಿದಳು. ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಒರತೆ, ಬೋರ್‌ವೆಲ್, ಬಾವಿ, ಡಾಕ್ಟರಮ್ಮನ ಮಾತು. ಒರತೆ ಕೆಟ್ಟದ್ದು ತನಗೆ ಮೊದಲೇ ತಿಳಿದಿದ್ದರೂ ಬಾವಿ ನೆನಪಾಗಲಿಲ್ಲವೆಂದೂ ಹೇಳಿದಳು. ಎಲ್ಲ ಮುಗಿದ ಮೇಲೆ ದುರಗವ್ವ ಕೇಳಿದ್ದು ಒಂದನ್ನೇ.

"ಅರ್ಧಕ್ಕಿಳಿಸಿದ್ದಕ್ಕ ಹೆಚ್ಚಾತೇನು?"

ಸುಳ್ಳು ಹೇಳಬೇಕೆಂದು ಇಂದುಮತಿಗೆ ಬಹಳ ಆಸೆಯಾಯಿತು.

"ಹೌದತ್ತಿ."

ದುರಗವ್ವ ತನ್ನ ಎರಡೂ ಅಂಗೈಗಳನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಅವುಗಳನ್ನೇ ನೋಡುತ್ತ ಕೂತಳು. ಅಳಲಿಲ್ಲ. ಫಕ್ಕೀರೇಶ ಬಂದು ಅವ್ವನ ಕಾಲ ಹತ್ತಿರ ಕೂತರೂ ಅವಳು ತಲೆ ಎತ್ತಲಿಲ್ಲ. ಆ ವಾರವೆಲ್ಲ ಅವಳು ಊಟಕ್ಕೆ ಕೈ ಹಾಕಲಿಲ್ಲ. ಆ ಕೈಯಿಂದ ಉಣ್ಣಲಾರೆನೆಂದಾಗ ಇಂದುಮತಿಯೇ ತುತ್ತು ಮಾಡಿ ಉಣಿಸಿದಳು.

ತೂಬಿನ ಆಣೆಯ ದಿನ ಬಂತು. ತೂಬಿನ ಕಲ್ಲಿಗೆ ಮಾವಿನ ತೋರಣ, ಶಾಮಿಯಾನ, ಮೈಕು, ಕ್ಯಾಮೆರಾ. ಐದೂ ಊರಿನ ಜನ ಏರಿಯ ಮೇಲೆ ನೆರೆದಿದ್ದರು. ಒರತೆಯ ನೀರು ಬೇಡ, ಅಂಗಡಿಯ ಕ್ಯಾನಿನ ನೀರನ್ನೇ ಕೊಡಕ್ಕೆ ತುಂಬಿ ತರಬೇಕೆಂದು ಕೂಟದಿಂದ ಗುಟ್ಟಾಗಿ ಹೇಳಿ ಕಳಿಸಿದ್ದರು. ಕ್ಯಾನನ್ನೂ ಕಳಿಸಿದ್ದರು. ಅದು ಒಡೆಯದೆ ಪಡಸಾಲೆಯಲ್ಲೇ ಉಳಿಯಿತು.

ಮನೆತನದ ಹಿರಿಯಳಾಗಿ ದುರಗವ್ವ ಕೊಡ ಹೊತ್ತು ಬಂದಳು. ಕಲ್ಲಿನ ಮೇಲೆ ನಿಂತು ಮೊದಲ ಗುಟುಕು ತಾನು ಕುಡಿದಳು. ಆಮೇಲೆ ಕೊಡ ಇಳಿಸಿ ಮೈಕಿನ ಹತ್ತಿರ ಬಂದಳು. ಅದು ಪದ್ಧತಿಯಲ್ಲಿರಲಿಲ್ಲ. ಸ್ವಾಗತ ಹೇಳುತ್ತಿದ್ದವನು ದಾರಿ ಬಿಟ್ಟ.

"ಇದು ನಮ್ಮ ಬಾವಿ ನೀರ್ರಿ," ಎಂದಳು. "ಒರತಿ ನೀರೂ ಇದೂ ಒಂದ. ನೀವು ಐದೂ ಊರಿನವ್ರು ಕೂಡಿ ಬೋರಿನ್ಯಾಗ ಬಿಟ್ಟದ್ದು ಇದರಾಗ ಬಂದೈತಂತ. ಇದನ್ನ ಅರ್ಧಕ್ಕಿಳಿಸಿ ನನ್ನ ಮೊಮ್ಮಗಳಿಗೆ ಕುಡಿಸೀನಿ. ಇವತ್ತೂ ಹಂಗ ಇಳಿಸಿ ತಂದೀನಿ. ದೊಡ್ಡವ್ರಿಗೆ ಏನೂ ಆಗಂಗಿಲ್ಲಂತ, ನಾನೂ ಕುಡದೀನಿ. ಕುಡೀರಿ."

ಹೊನ್ನಂಬಿ ಪುರಸಭೆಯ ಅಧ್ಯಕ್ಷರು ಬೊಗಸೆ ಒಡ್ಡಿದ್ದರು. ಆ ಬೊಗಸೆ ನಿಧಾನವಾಗಿ ಬಿಚ್ಚಿಕೊಂಡಿತು. ಕೊಳಲವಾಡದವರು ಪಕ್ಕದವರ ಮುಖ ನೋಡಿದರು. ತೂಬಿನಕೇರಿಯ ಪಂಚಾಯತಿ ಅಧ್ಯಕ್ಷೆ ಸೆರಗು ಬಾಯಿಗಿಟ್ಟುಕೊಂಡಳು. ಹೀಗೇನೂ ಇಲ್ಲ, ಇದು ಸುಳ್ಳು ಎಂದು ಐವರಲ್ಲಿ ಒಬ್ಬರಾದರೂ ಹೇಳಬಹುದಿತ್ತು, ಹೇಳಲಿಲ್ಲ. ಒಬ್ಬರಾದರೂ ಕುಡಿಯಬಹುದಿತ್ತು, ಕುಡಿಯಲಿಲ್ಲ. ಏರಿಯ ಮೇಲಿನ ಜನಕ್ಕೆ ಅಷ್ಟು ಸಾಕಾಯಿತು.

ಇಂದುಮತಿ ಕಲ್ಲು ತೂರಾಟವಾದೀತೆಂದು ಹೆದರಿದ್ದಳು. ಆಗಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಮನೆಯ ಕಡೆ ನಡೆದರು, ಹೆಂಗಸರು ಓಡಿದರು. ಎಲ್ಲರ ಕೇರಿಯಲ್ಲೂ ಒಂದು ಬಾವಿಯೋ ಬೋರೋ ಇತ್ತು, ಹಲವರ ಮನೆಯಲ್ಲಿ ಕೂಸೂ ಇತ್ತು.

ಕಲಮಿನ ಪ್ರಕಾರ ಕೂಟ ಅಲ್ಲಿಗೇ ಮುರಿಯಿತು. ಜನರ ಸಿಟ್ಟಿಗೆ ಹೆದರಿ ಐದೂ ಊರು ಬೋರ್‌ವೆಲ್ಲುಗಳಿಂದ ಕೊಳವೆ ಕಿತ್ತವು. ಅಷ್ಟರಮಟ್ಟಿಗೆ ದುರಗವ್ವ ಗೆದ್ದಳು ಎನ್ನಬೇಕು. ಆದರೆ ಕಿತ್ತ ಕೊಳವೆಯ ಬಾಯಿ ಎಲ್ಲಿಗಾದರೂ ಹೋಗಬೇಕಲ್ಲ? ಹೊಸ ಘಟಕಗಳು ಇನ್ನೂ ಅಡಿಪಾಯದಲ್ಲಿದ್ದವು. ಕೂಟ ಮುರಿದದ್ದೇ ಕವಾಟಗಳನ್ನೂ ಯಂತ್ರದಿಂದ ಬಿಡಿಸಿದ್ದರು. ಎಲ್ಲ ಕೊಳಚೆ ಮೊದಲಿನಂತೆ ಚೌಡಸಾಗರಕ್ಕೆ ಬಂತು.

ದೇಸಾಯರು ರಾಜೀನಾಮೆ ಕೊಟ್ಟು ಹೋದ ಮೇಲೆ ನಿಯಂತ್ರಣ ಕೊಠಡಿಯಲ್ಲಿ ಇಂದುಮತಿ ಒಬ್ಬಳೇ ಉಳಿದಳು. ಬ್ಯಾಟರಿ ಇರುವವರೆಗೆ ಓದುಗುಂಡುಗಳು ಓದುತ್ತಲೇ ಇದ್ದವು. ಅವಳ ಕಣ್ಣೆದುರು ಗೋಡೆಯ ಮೇಲೆ ಕೆಂಪು ಏರಿತು, ಹಳದಿ ಏರಿತು, ನೇರಳೆ, ಕಿತ್ತಳೆ, ಹಸಿರು ಏರಿದವು. ಯಾರ ಹೊಲಸು ಎಷ್ಟು ಎಂದು ಯಂತ್ರ ಕರಾರುವಾಕ್ಕಾಗಿ ಹೇಳುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಕೆರೆಯ ತಳ ಕಾಣದಾಯಿತು. ಬಾಳೆಮೀನು ಹೊಟ್ಟೆ ಮೇಲಾಗಿ ದಡಕ್ಕೆ ಬಂದವು. ಫಕ್ಕೀರೇಶ ಬಲೆಯನ್ನು ಅಟ್ಟಕ್ಕೆ ಹಾಕಿದ. ನೆಲದೊಳಗೆ ಇಳಿದದ್ದಂತೂ ಅವರ ಆಯುಷ್ಯದಲ್ಲಿ ಹೊರಗೆ ಬರುವಂಥದಲ್ಲ.

ದುರಗವ್ವ ಮಾತ್ರ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾವ ಕೇರಿಯಲ್ಲಿ ತೊಟ್ಟಿಲು ಕಟ್ಟಿದರೆಂದು ಕೇಳಿದರೂ ಅಲ್ಲಿಗೆ ನಡೆದು ಹೋಗುತ್ತಿದ್ದಳು. ತೂಬಿನಕೇರಿ ಮುಗಿಸಿ ಎಮ್ಮೆತಟ್ಟಿಗೂ ಸಂಗಟಿಹಾಳಕ್ಕೂ ಹೋದಳು. ದಾರಿಯಲ್ಲಿ ಬಿದ್ದಾಳೆಂದು ಇಂದುಮತಿ ರಜೆ ಇದ್ದಾಗಲೆಲ್ಲ ಜೊತೆಗೆ ಹೋಗುತ್ತಿದ್ದಳು. ಬಾಗಿಲಲ್ಲಿ ನಿಂತು ಮುದುಕಿ ಹೇಳುವುದು ಎಲ್ಲ ಮನೆಯಲ್ಲೂ ಒಂದೇ.

"ಬಾವಿ ನೀರು ಕೂಸಿಗೆ ಕೊಡಬ್ಯಾಡ್ರವಾ. ಕುದಿಸಿ ಅಂತೂ ಕೊಡಬ್ಯಾಡ್ರಿ. ನಾ ಕೊಟ್ಟು ನನ್ನ ಮೊಮ್ಮಗಳನ್ನ ಕೊಂದೀನಿ."

ಕೆಲವರು ಅಪಶಕುನವೆಂದು ಬಾಗಿಲು ಹಾಕಿಕೊಂಡರು. ಕೆಲವರು ಕೂರಿಸಿ ಬೆಲ್ಲ ಕೊಟ್ಟರು. ಸಂಗಟಿಹಾಳದ ಕೊನೆಯ ಮನೆಯಲ್ಲಿ ಒಬ್ಬ ಎಳೆಯ ಬಾಣಂತಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಅವಳ ಬೆನ್ನ ಹಿಂದೆ, ಅಡುಗೆಮನೆಯ ನಲ್ಲಿಯಿಂದ ಕೆರೆಯ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಬಾಗಿಲವರೆಗೂ ನಾತ ಬರುತ್ತಿತ್ತು.

"ಹಂಗಾದ್ರ ಯಾವ ನೀರು ಕೊಡ್ಲಿ, ಯಮ್ಮಾ?" ಎಂದು ಅವಳು ಕೇಳಿದಳು.

ದುರಗವ್ವ ಸೊಸೆಯ ಕಡೆ ತಿರುಗಿದಳು. ಓದಿದವಳು, ನೀರಿನ ಕೆಲಸದವಳು, ಇವಳಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಆ ಕಣ್ಣುಗಳಲ್ಲಿ ಇನ್ನೂ ಇತ್ತು. ಬಾಣಂತಿಯೂ ಇಂದುಮತಿಯ ಕಡೆಗೇ ನೋಡಿದಳು. ಇಂದುಮತಿ ಬಾಯಿ ತೆರೆದಳು. ಕೂಸು ಅಮ್ಮನ ಹೆಗಲ ಮೇಲೆ ಹಸಿವಿನಿಂದ ಮುಷ್ಟಿ ಚೀಪುತ್ತಿತ್ತು.